ಚಿತ್ ಆದವನೇ ಗೆದ್ದರೆ ಏನೆಂದು ಬರೆಯುವುದು?

‘ಮೊದಲ ಸುತ್ತಿನಲ್ಲೇ ಇವನು ಅವನನ್ನು ಚಿತ್ ಮಾಡುತ್ತಾನೆ. ಆದರೂ ಗೆಲ್ಲುವುದು ಅವನೇ.’

ಈ ಎರಡು ವಾಕ್ಯಗಳ ಮೇಲೆ ನಾನು ಕೆಂಪು ಶಾಯಿಯಲ್ಲಿ ಗೀಟೆಳೆದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಕೈ, ತಪ್ಪು ಕಂಡರೆ ಸುಮ್ಮನಿರುವುದಿಲ್ಲ. ಬರೆದವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಸಂಜೆ ಹೊತ್ತು ಹೊಡೆತ, ಹಿಡಿತ ಎರಡೂ ಇರುವ ಮಿಶ್ರ ಸಮರಕಲೆ (ಎಂಎಂಎ) ಕಲಿಯುತ್ತಾನೆ. ಮಳೆಗಾಲದಲ್ಲಿ ರಜೆ ಹಾಕಿ ಪೊನ್ನಂಪೇಟೆ ಪಕ್ಕದ ನಮ್ಮ ಮನೆಗೆ ಬಂದವನು, ಕರೆಂಟಿಲ್ಲದ ಎರಡು ದಿನ ಕೂತು ಊರಿನ ಯುವಕರ ಗೋಡೆಪತ್ರಿಕೆಗೆ ಒಂದು ಬರಹ ಸಿದ್ಧಮಾಡಿದ. ಅವನ ಜೊತೆ ಕಲಿಯುವ ಇಬ್ಬರು ಹುಡುಗರ ನಡುವೆ ಮುಂದಿನ ತಿಂಗಳು ಸೆಣಸಾಟವಿದೆಯಂತೆ. ಒಬ್ಬ ದಾವಣಗೆರೆಯ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವನು, ಇನ್ನೊಬ್ಬ ನೆಲದ ಮೇಲೆ ಬಿದ್ದು ಹಿಡಿದಾಡುವ ಬ್ರೆಜಿಲಿಯನ್ ಜಿಯು ಜಿಟ್ಸು ಕಲಿತವನು. ಇಬ್ಬರೂ ಹೊಡೆಯುವುದಕ್ಕಿಂತ ಹಿಡಿಯುವುದರಲ್ಲೇ ಮುಂದು. ಯಾರು ಗೆಲ್ಲಬಹುದು ಎಂಬುದೇ ಬರಹದ ವಿಷಯ.

“ಚಿತ್ ಆದ ಮೇಲೆ ಗೆಲ್ಲುವುದು ಹೇಗೋ?” ಎಂದು ಕೇಳಿದೆ.

“ಮಾವ, ಇದರಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲಲ್ಲ. ಕೆಲವರಿಗೆ ಆಟ ಶುರುವಾಗುವುದೇ ಅಲ್ಲಿಂದ” ಎಂದ.

ವಾಕ್ಯಗಳ ಮೇಲಿನ ಗೀಟನ್ನು ಅಳಿಸಿ, ‘ಚಿತ್’ ಎಂಬ ಒಂದು ಪದದ ಮೇಲೆ ಮಾತ್ರ ಉಳಿಸಿಕೊಂಡೆ. ಅದರ ಜಾಗಕ್ಕೆ ಏನು ತರಬೇಕೆಂದು ಬಲ್ಲವರನ್ನು ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಕೇಳುತ್ತ ಹೋದ ಹಾಗೆ ಒಂದು ಪದ ಆರೇಳು ಪದಗಳಾಗಿವೆ.

ಚಿತ್ ಎಂಬುದು ಕುಸ್ತಿಯ ಜೊತೆಗೇ ಉತ್ತರದಿಂದ ಇಳಿದುಬಂದ ಪದ. ಚಿಕ್ಕವನಿದ್ದಾಗ ಅಪ್ಪನೊಂದಿಗೆ ಮೈಸೂರು ದಸರಾಕ್ಕೆ ಹೋದರೆ ಅರಮನೆಯ ದೀಪಕ್ಕಿಂತ ಮೊದಲು ಕುಸ್ತಿ ನೋಡುತ್ತಿದ್ದೆವು. ಎರಡೂ ಭುಜ ಮಟ್ಟಿಯ ಮಣ್ಣಿಗೆ ತಾಗಿದವೋ, ಸುತ್ತ ಕೂತವರೆಲ್ಲ ‘ಚಿತ್’ ಎಂದು ಕೂಗಿ ಎದ್ದು ನಿಲ್ಲುತ್ತಿದ್ದರು. ಅಲ್ಲಿಗೆ ಮುಗಿಯಿತು, ಮುಂದಿನ ಜೋಡಿ ಬರಬೇಕು. ಪತ್ರಿಕೆಯ ರಾಜಕೀಯ ವರದಿಯಲ್ಲಿ ‘ಎದುರಾಳಿಯನ್ನು ಚಿತ್ ಮಾಡಿದರು’ ಎಂದರೂ ಅದೇ ಅರ್ಥ. ಪದದ ಹೊಟ್ಟೆಯಲ್ಲೇ ಫಲಿತಾಂಶ ಕೂತಿದೆ. ಯಾರು ಗೆಲ್ಲುತ್ತಾರೆಂದು ಅಂದಾಜಿಸುವ ಬರಹದೊಳಕ್ಕೆ ಅಂಥ ಪದವನ್ನು ಬಿಟ್ಟುಕೊಂಡರೆ ಓದುಗನಿಗೆ ಉತ್ತರ ಮೊದಲೇ ಸಿಕ್ಕಿಬಿಡುತ್ತದೆ, ಅದೂ ತಪ್ಪು ಉತ್ತರ.

ಹುಡುಗ ನನಗೆ ಮೊದಲು ಹೇಳಿದ ಉದಾಹರಣೆ 1994ರದು. ಯುಎಫ್‌ಸಿ ಎಂಬುದು ಈ ಆಟದ ಹೆಸರಾಂತ ಕೂಟ; ಅಮೆರಿಕದ ಟಲ್ಸಾದಲ್ಲಿ ನಡೆದ ಅದರ ನಾಲ್ಕನೆಯ ಆವೃತ್ತಿಯ ಕೊನೆಯ ಸೆಣಸಾಟ. ಡ್ಯಾನ್ ಸೆವರ್ನ್ ಎಂಬ ನುರಿತ ಕುಸ್ತಿಪಟು ಬ್ರೆಜಿಲ್‌ನ ರಾಯ್ಸ್ ಗ್ರೇಸಿಯನ್ನು ಕೆಡವಿ ಮೇಲೆ ಕೂತಿದ್ದ. ತೂಕದಲ್ಲಿ ಮೂವತ್ತು ಕಿಲೋಗೂ ಹೆಚ್ಚು ಅಂತರ. ಹದಿನೈದು ನಿಮಿಷ ಮೀರಿದರೂ ಗ್ರೇಸಿ ಬೆನ್ನ ಮೇಲೇ ಇದ್ದ. ಮೈಸೂರಿನ ಲೆಕ್ಕದಲ್ಲಿ ಅವನು ಅಷ್ಟು ಹೊತ್ತಿಗೆ ಸೋತು, ಸ್ನಾನ ಮಾಡಿ, ಬಸ್ಸು ಹತ್ತಿರಬೇಕಿತ್ತು. ಆದರೆ ಕೆಳಗಿನಿಂದಲೇ ಕಾಲುಗಳನ್ನು ಸೆವರ್ನ್‌ನ ಕತ್ತಿಗೆ ಸುತ್ತಿ ಬಿಗಿದ, ಸೆವರ್ನ್ ಸೋಲೊಪ್ಪಿದ. ‘ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ನಾವು ಬಿದ್ದವನ ಸಬೂಬನ್ನು ಗೇಲಿ ಮಾಡಲು ಬಳಸುತ್ತೇವೆ. ಈ ಆಟದಲ್ಲಿ ಜಟ್ಟಿ ಹಾಗೆಂದರೆ ಗೇಲಿ ಮಾಡುವ ಮುನ್ನ ಸ್ವಲ್ಪ ಕಾಯಬೇಕು.

ಹಾಗಾಗಿ ಬೀಳಿಸುವುದಕ್ಕೆ ‘ಕೆಡವು’ ಎಂದು ಬರೆಯಿಸಿದ್ದೇನೆ. ಕೆಡವಿದರೆ ಕೆಡವಿದ್ದಷ್ಟೇ, ಸೋಲು ಗೆಲುವಿನ ಮಾತು ಅದರಲ್ಲಿಲ್ಲ. ಬಿದ್ದವನು ಮೇಲಿನವನನ್ನು ಉರುಳಿಸಿ ತಾನು ಮೇಲೆ ಬರುವುದಕ್ಕೆ ಅವರಲ್ಲಿ ‘ಸ್ವೀಪ್’ ಎನ್ನುತ್ತಾರಂತೆ. ಹುಡುಗ ಅದನ್ನು ‘ಗುಡಿಸುವುದು’ ಎಂದು ಬರೆದಿದ್ದ. ಪೊರಕೆ ಹಿಡಿದ ಪೈಲ್ವಾನ ಕಣ್ಣ ಮುಂದೆ ಬಂದ. ಒಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಕಾವಲಿಯ ಮೇಲಿನ ಅಕ್ಕಿ ರೊಟ್ಟಿಯನ್ನು ಮಗುಚುತ್ತಿದ್ದಳು. ಅಲ್ಲೇ ಪದ ಸಿಕ್ಕಿತು. ರೊಟ್ಟಿ ಮಗುಚುತ್ತದೆ, ದೋಣಿ ಮಗುಚುತ್ತದೆ, ಮೇಲೆ ಕೂತವನೂ ಮಗುಚುತ್ತಾನೆ. ಕೆಳಗಿನದು ಮೇಲಾಗುವ ಆ ಚಲನೆ ಇಡಿಯಾಗಿ ಈ ಕ್ರಿಯಾಪದದೊಳಗಿದೆ. ಇದರ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವನಲ್ಲ.

ಇನ್ನೂ ಒಂದು ಸಿರಿ ನಮ್ಮ ವ್ಯಾಕರಣದಲ್ಲಿಯೇ ಇತ್ತು. ಇಬ್ಬರೂ ಹಿಡಿಯಬಲ್ಲವರಾದಾಗ ಯಾರು ಏನು ಮಾಡುತ್ತಾರೆ ಎನ್ನುವುದಕ್ಕಿಂತ ಯಾರು ಏನನ್ನು ಮಾಡಲು ಬಿಡುವುದಿಲ್ಲ ಎನ್ನುವುದರ ಮೇಲೆ ಫಲ ನಿಂತಿರುತ್ತದೆ ಎಂಬುದು ಹುಡುಗನ ವಾದ. ಕನ್ನಡದಲ್ಲಿ ಅದಕ್ಕೆ ‘ಗೊಡು’ ಇದೆ: ಬೀಳಿಸಗೊಡದವನು, ಏಳಗೊಡದವನು, ಮಗುಚಗೊಡದವನು. ಮೂರು ಬೇರೆ ಬೇರೆ ಕೌಶಲಗಳಿಗೆ ಒಂದೊಂದೇ ಪದ. 2017ರ ಜುಲೈಯಲ್ಲಿ ಡೆಮಿಯನ್ ಮಾಯ ಎಂಬ ಜಿಯು ಜಿಟ್ಸು ನಿಪುಣ, ಆಗಿನ ಚಾಂಪಿಯನ್ ಟೈರನ್ ವುಡ್ಲಿಯನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಕೆಡವಲು ನೋಡಿ ಒಂದು ಬಾರಿಯೂ ಆಗಲಿಲ್ಲ. ವುಡ್ಲಿ ಮೂಲತಃ ಕುಸ್ತಿಯವನು. ಅಂದು ಐದು ಸುತ್ತೂ ಅವನು ಮಾಡಿದ್ದು ‘ಬೀಳಿಸಗೊಡದಿರುವುದು’. ನೋಡುಗರು ಬೇಸತ್ತು ಕೂಗಿದರು, ತೀರ್ಪು ವುಡ್ಲಿಗೆ ಹೋಯಿತು. ಎರಡು ವರ್ಷದ ಬಳಿಕ, 2019ರ ಅಕ್ಟೋಬರ್‌ನಲ್ಲಿ, ಸಿಂಗಪುರದಲ್ಲಿ ಅದೇ ಮಾಯನಿಗೆ ಎದುರಾದವನು ಬೆನ್ ಆಸ್ಕ್ರೆನ್, ಅವನೂ ಹೆಸರಾಂತ ಕುಸ್ತಿಪಟು. ಹಿಡಿಯುವವರಿಬ್ಬರು ಸೇರಿ ಬಹಳ ಹೊತ್ತು ಗುದ್ದಾಡಿದರು! ಮೂರನೆಯ ಸುತ್ತಿನಲ್ಲಿ ಆಸ್ಕ್ರೆನ್ ಕೆಡವಿದ, ಕೆಳಗಿದ್ದ ಮಾಯ ಮಗುಚಿದ, ಬೆನ್ನಿಗೆ ಬಂದು ಕತ್ತು ಬಿಗಿದ, ಮುಗಿಯಿತು. ಆಸ್ಕ್ರೆನ್‌ಗೆ ಕೆಡವಲು ಬಂದರೂ ಮಗುಚಗೊಡದಿರಲು ಬರಲಿಲ್ಲ. ದಾವಣಗೆರೆಯ ಹುಡುಗ ಸೋಲುತ್ತಾನೆ ಎಂಬ ನಮ್ಮವನ ಅಂದಾಜಿನ ಬೇರು ಇಲ್ಲಿದೆ.

ಇಂಥ ಆಟಗಾರನನ್ನು ಏನೆಂದು ಕರೆಯುವುದು? ‘ಕುಸ್ತಿಪಟು’ ಎಂದರೆ ಜಿಯು ಜಿಟ್ಸು ಕಲಿತವನು ಹೊರಗುಳಿಯುತ್ತಾನೆ. ‘ಮಲ್ಲ’ ಚೆನ್ನಾಗಿದೆ, ಆದರೆ ಪುರಾಣದ ವಾಸನೆ. ಜೊತೆಗೆ ತುಳುವಿನಲ್ಲಿ ಮಲ್ಲ ಎಂದರೆ ದೊಡ್ಡದು, ಸಂಪಾಜೆ ಕಡೆಯ ಓದುಗರು ಬೇರೆ ಏನಾದರೂ ತಿಳಿದಾರು. ನನಗೆ ಮನಸ್ಸಿದ್ದದ್ದು ‘ಹೆಣಗು’ ಎಂಬುದರ ಮೇಲೆ. ಹಳಗನ್ನಡದ ಪೆಣಗು ಎಂದರೆ ಒಂದಕ್ಕೊಂದು ಹೆಣೆದುಕೊಳ್ಳುವುದೂ ಹೌದು, ಕಾದಾಡುವುದೂ ಹೌದು. ಜಡೆ ಹೆಣೆಯುವ ಹೆಣಿಗೆಯೂ ಅದರ ಬಳಗವೇ. ಕೈಕಾಲು ಹೆಣೆದುಕೊಂಡು ಕಾದುವವರಿಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿ ಸಿಕ್ಕೀತು? ಆದರೆ ಈಗ ನಾವು ಸಾಲ ತೀರಿಸಲು ಹೆಣಗುತ್ತೇವೆ, ಕೊನೆಯ ಓವರಿನಲ್ಲಿ ರನ್ನಿಗಾಗಿ ಹೆಣಗುತ್ತೇವೆ. ‘ಈತ ಹೆಣಗುವುದರಲ್ಲಿ ನಿಸ್ಸೀಮ’ ಎಂದು ಬರೆದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಒಲ್ಲದ ಮನಸ್ಸಿನಿಂದ ಕೈಬಿಟ್ಟೆ.

ಕೊನೆಗೆ ‘ಪಟ್ಟುಗಾರ’ ಎಂದಾಯಿತು. ಪಟ್ಟು ಗರಡಿಯದೇ ಪದ: ಪಟ್ಟು ಹಾಕುತ್ತಾರೆ, ಪಟ್ಟು ಬಿಡಿಸುತ್ತಾರೆ, ಒಂದು ಪಟ್ಟಿಗೆ ಮರುಪಟ್ಟು ಕಲಿಸುತ್ತಾರೆ. ಪಟ್ಟು ಹಿಡಿದು ಕೂರುವ ಹಟವೂ ಅದರಲ್ಲಿ ಸೇರಿರುವುದು ಲಾಭವೇ. ಹೊಡೆಯುವವನಿಗೆ ‘ಹೊಡೆತಗಾರ’ ಎನ್ನೋಣವೆಂದರೆ ಅದನ್ನು ಕ್ರಿಕೆಟ್ ಬಹಳ ಹಿಂದೆಯೇ ಕೊಂಡೊಯ್ದಿದೆ. ಇದರ ನಡುವೆ ಪಕ್ಕದ ತೋಟದ ಕೊಡವ ಗೆಳೆಯರು ಬಂದು ತಮ್ಮ ತಕ್ಕ್‌ನ (ಭಾಷೆಯ) ‘ಪುಡಿ’ ಏಕಾಗಬಾರದು ಎಂದರು. ಕೊಡವ ಭಾಷೆಯಲ್ಲಿ ಪುಡಿ ಎಂದರೆ ಹಿಡಿ. ‘ಇಬ್ಬರೂ ಪುಡಿಗಾರರು’ ಎಂದು ಗೋಡೆಗೆ ಅಂಟಿಸಿದರೆ ಕನ್ನಡದವರು ಕಾಫಿಪುಡಿ ವ್ಯಾಪಾರ ಎಂದುಕೊಳ್ಳುತ್ತಾರೆ ಎಂದೆ. ನಕ್ಕು ಒಪ್ಪಿಕೊಂಡರು.

ಬೆನ್ನ ಮೇಲಿದ್ದವನು ಎದುರಾಳಿಯ ಸೊಂಟಕ್ಕೆ ಕಾಲು ಸುತ್ತಿ ತಡೆದಿಟ್ಟುಕೊಳ್ಳುವ ಭಂಗಿಗೆ ‘ಕಾಲ್ತೆಕ್ಕೆ’ ಎಂದಿದ್ದೇನೆ. ತೋಳ್ತೆಕ್ಕೆ ಇರುವಾಗ ಕಾಲ್ತೆಕ್ಕೆ ಏಕಿರಬಾರದು? ಸ್ವಲ್ಪ ಸರಸದ ಛಾಯೆ ಇದೆ, ಇರಲಿ.

ನಿಜವಾದ ಸಂಕಟ ಮುಂದಿನದು. ಪಟ್ಟಿಗೆ ಸಿಕ್ಕವನು ಸಾಕೆಂದು ಕೈಯಿಂದ ತಟ್ಟಿ ಸೋಲೊಪ್ಪುತ್ತಾನಲ್ಲ, ಅದಕ್ಕೇನು? ‘ಸೆವರ್ನ್ ಕೈ ತಟ್ಟಿದರು’ ಎಂದರೆ ಕನ್ನಡದಲ್ಲಿ ಅವರು ಎದುರಾಳಿಯನ್ನು ಮೆಚ್ಚಿಕೊಂಡಂತೆ. ‘ಶರಣಾದರು’ ಎಂದರೆ ಮೊದಲು ಕಣ್ಣಿಗೆ ಬರುವುದು ಪತ್ರಿಕೆಗಳ ‘ನೇಣಿಗೆ ಶರಣು’. ಅದರಲ್ಲೂ ಇಲ್ಲಿ ಕತ್ತಿನ ವಿಷಯವೇ ಇರುವಾಗ ಆ ಪದ ಮುಟ್ಟಲು ಕೈ ಬರುವುದಿಲ್ಲ. ‘ಕತ್ತು ಹಿಸುಕಿ ಗೆದ್ದರು’ ಎಂದರೆ ಅಪರಾಧ ಸುದ್ದಿಯ ಪುಟಕ್ಕೆ ಹೋಗುತ್ತದೆ. ‘ಉಸಿರುಗಟ್ಟಿಸಿ’ ಎನ್ನೋಣವೆಂದರೆ ಅದು ವಸ್ತುಸ್ಥಿತಿಗೆ ದೂರ: ಹಿಂದಿನಿಂದ ಹಾಕುವ ಆ ಪಟ್ಟು ಕತ್ತಿನ ಇಕ್ಕೆಲದ ರಕ್ತನಾಳಗಳನ್ನು ಒತ್ತುತ್ತದೆ, ಮಿದುಳಿಗೆ ರಕ್ತ ಕಡಿಮೆಯಾಗಿ ಎಚ್ಚರ ತಪ್ಪುತ್ತದೆ, ಶ್ವಾಸನಾಳದ ಪಾತ್ರ ಅಲ್ಲಿ ಮುಖ್ಯವಲ್ಲ. ‘ಕತ್ತುಪಟ್ಟು’ ಎಂದು ಬರೆದೆ. ಗೋಡೆಪತ್ರಿಕೆಯ ಅಕ್ಷರ ಬರೆಯುವ ಹುಡುಗಿ ಅದನ್ನು ‘ಕತ್ತುಪಟ್ಟಿ’ ಎಂದು ತಿದ್ದಿ ಅಂಗಿಯ ಕಾಲರ್ ಮಾಡಿಟ್ಟಳು.

ಇನ್ನು ಬರಹದ ತಲೆಬರಹ. ಹುಡುಗನ ಮೊದಲ ಪ್ರತಿಯಲ್ಲಿ ‘ಪಂದ್ಯದ ಭವಿಷ್ಯ’ ಎಂದಿತ್ತು. ಅದು ಪಂಚಾಂಗದವರ ಪದ, ಬೇಡವೆಂದೆ. ‘ಮುನ್ಸೂಚನೆ’ ಕೊಡಗಿನಲ್ಲಿ ಈಗ ಮಳೆ ಎಚ್ಚರಿಕೆಗೇ ಮೀಸಲು. ಆ ಪದ ಕೇಳಿದರೆ ಮಕ್ಕಳು ಶಾಲೆಗೆ ರಜೆಯೇ ಎಂದು ಕೇಳುತ್ತಾರೆ. ‘ಪಂದ್ಯ’ ಎಂಬುದರ ಹಳೆಯ ಅರ್ಥವೇ ಬಾಜಿ, ತೆಲುಗಿನ ಪಂದೆಂನಲ್ಲಿ ಇಂದಿಗೂ ಅದಿದೆ. ಹಣ ಕಟ್ಟುವ ಮಾತು ಹುಡುಗರ ಗೋಡೆಯ ಮೇಲೆ ಬೇಡವೆಂದು ಅದನ್ನೂ ಬಿಟ್ಟು ‘ಸೆಣಸಾಟ’ ಎಂದು ಮಾಡಿದೆ. ಉಳಿದದ್ದು ‘ಅಂದಾಜು’. ಕಾಫಿ ಬೆಳೆಯುವವರಿಗೆ ಈ ಪದದ ತೂಕ ಗೊತ್ತು. ಹೂಮಳೆ ಬಿದ್ದು ಹೂ ಕಚ್ಚಿದ ಮೇಲೆ ಕಾಫಿ ಮಂಡಳಿ ಫಸಲಿನ ಒಂದು ಅಂದಾಜು ಕೊಡುತ್ತದೆ, ಮಳೆಗಾಲ ಕಳೆದ ಮೇಲೆ ಇನ್ನೊಂದು. ಎರಡೂ ಒಂದೇ ಆಗಿರಬೇಕೆಂದು ಯಾವ ಬೆಳೆಗಾರನೂ ನಿರೀಕ್ಷಿಸುವುದಿಲ್ಲ. ನಡುವೆ ಆಷಾಢದ ಮಳೆ ಬರುತ್ತದೆ, ಕಾಯಿ ಉದುರುತ್ತದೆ. ಅಂದಾಜು ಎಂದರೆ ತಿದ್ದಲು ಜಾಗ ಬಿಟ್ಟು ಹೇಳಿದ ಮಾತು.

ಪಟ್ಟುಗಾರರ ವಿಷಯದಲ್ಲಿ ಆ ಜಾಗ ಇನ್ನೂ ದೊಡ್ಡದಿರಬೇಕು. 2022ರ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ರಷ್ಯಾದ ದಾಗೆಸ್ತಾನದ ಇಸ್ಲಾಂ ಮಖಚೆವ್ ಮತ್ತು ಬ್ರೆಜಿಲ್‌ನ ಚಾರ್ಲ್ಸ್ ಒಲಿವೇರಾ ಎದುರಾದರು. ಯುಎಫ್‌ಸಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಾರಿ ಎದುರಾಳಿಗಳನ್ನು ಸೋಲೊಪ್ಪಿಸಿದವನು ಒಲಿವೇರಾ. ನೆಲದ ಮೇಲೆ ಯಾರು ಯಾರನ್ನು ಏನು ಮಾಡಾರು ಎಂಬುದೇ ಎಲ್ಲರ ಚರ್ಚೆ. ಎರಡನೆಯ ಸುತ್ತಿನಲ್ಲಿ ಮಖಚೆವ್‌ನ ಒಂದು ಗುದ್ದಿಗೆ ಒಲಿವೇರಾ ಕುಸಿದ, ಪಟ್ಟು ಬಿದ್ದದ್ದು ಆಮೇಲೆ. ತೀರ್ಪುಗಾರರ ಕೈಗೆ ಹೋದರಂತೂ ಇನ್ನೂ ಕಷ್ಟ. ಸುತ್ತು ಗೆದ್ದವನಿಗೆ 10, ಸೋತವನಿಗೆ 9 ಅಥವಾ ಅದಕ್ಕೂ ಕಡಿಮೆ. ಆದರೆ ಸುಮ್ಮನೆ ಮೇಲೆ ಕೂತದ್ದಕ್ಕಿಂತ ಪರಿಣಾಮ ಮಾಡಿದ್ದಕ್ಕೆ ಬೆಲೆ. ಮಡಿಕೇರಿ ದಸರಾದ ದಶಮಂಟಪಗಳ ಬಹುಮಾನಕ್ಕಾಗಿ ಬೆಳಗಿನವರೆಗೆ ಬೀದಿಯಲ್ಲಿ ನಿಂತು ಕಾದವರಿಗೆ ತೀರ್ಪುಗಾರರ ಮನಸ್ಸನ್ನು ಅಂದಾಜಿಸುವ ಕಷ್ಟ ವಿವರಿಸಬೇಕಿಲ್ಲ.

ಕೊಡವ ಗೆಳೆಯರು ಹೊರಡುವ ಮುನ್ನ ಒಂದು ಆಕ್ಷೇಪ ಎತ್ತಿದರು. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವರ ಕೌಟುಂಬಿಕ ಹಾಕಿ ಇಷ್ಟು ವರ್ಷ ನಡೆದಿದೆ, ಪೆನಾಲ್ಟಿ ಕಾರ್ನರಿಗೆ ಯಾರೂ ಕನ್ನಡ ಹುಡುಕಲಿಲ್ಲ, ಯಾರಿಗೂ ತೊಂದರೆಯಾಗಲಿಲ್ಲ, ನೀವೇಕೆ ಇಷ್ಟು ಒದ್ದಾಡುತ್ತೀರಿ ಎಂದು. ಮಾತು ಸರಿಯೇ. ಆದರೆ ಹಾಕಿಯ ಪದಗಳು ಖಾಲಿ ಜಾಗಕ್ಕೆ ಬಂದವು. ಹಿಡಿದು ಕಾದುವ ಆಟಕ್ಕೆ ನಮ್ಮ ಪದಗಳು ಮೊದಲೇ ಇವೆ, ಕರೆಯದಿದ್ದರೂ ಬಂದು ತಮ್ಮ ಹಳೆಯ ನಿಯಮವನ್ನು ಹೊಸ ಆಟದ ಮೇಲೆ ಹೇರುತ್ತವೆ. ಚಿತ್ ಮಾಡಿದ ತೊಂದರೆ ಅದೇ.

ಧಾರವಾಡ, ಬೆಳಗಾವಿ, ದಾವಣಗೆರೆ ಕಡೆಯ ಗರಡಿಗಳನ್ನು ಬಲ್ಲವರು ಹೇಳಬೇಕು: ಅಭ್ಯಾಸದ ವೇಳೆ ಪಟ್ಟು ತಾಳಲಾರದೆ ‘ಸಾಕು, ಬಿಡು’ ಎಂದು ಮುಟ್ಟಿ ತಿಳಿಸುವುದಕ್ಕೆ ಅಲ್ಲಿ ಹೆಸರಿದೆಯೇ? ಹಾಗೆ ಒಪ್ಪುವಂತೆ ಮಾಡುವವನ ಕೆಲಸಕ್ಕೆ ಒಂದೇ ಕ್ರಿಯಾಪದವಿದೆಯೇ? ‘ಸೋಲೊಪ್ಪಿಸು’ ಎಂದು ನಾನೇ ಕಟ್ಟಿದ್ದೇನೆ, ಮೇಲೆ ಬಳಸಿಯೂ ಬಿಟ್ಟಿದ್ದೇನೆ, ಆದರೆ ಅದು ಗರಡಿಯಲ್ಲಿ ಹುಟ್ಟಿದಂತಿಲ್ಲ, ನ್ಯಾಯಾಲಯದಲ್ಲಿ ಹುಟ್ಟಿದಂತಿದೆ. ಹುಡುಗನ ಬರಹದ ಕೊನೆಯ ಸಾಲುಗಳು ಸದ್ಯ ಹೀಗಿವೆ:

‘ಮೊದಲ ಸುತ್ತಿನಲ್ಲಿ ದಾವಣಗೆರೆಯವನು ಕೆಡವುತ್ತಾನೆ, ಏಳಗೊಡುವುದಿಲ್ಲ. ಎರಡನೆಯದರಲ್ಲೂ ಹಾಗೆಯೇ. ಮೂರನೆಯದರಲ್ಲಿ ಅವನ ಕೈ ಸೋತಾಗ ಕೆಳಗಿನವನು ಕಾಲ್ತೆಕ್ಕೆ ಬಿಚ್ಚಿ ಮಗುಚುತ್ತಾನೆ, ಬೆನ್ನಿಗೆ ಬರುತ್ತಾನೆ, ಕತ್ತು ಬಿಗಿದು ————.’

ಆ ಗೆರೆಯ ಮೇಲೆ ಕೂರಲು ಒಂದು ಕ್ರಿಯಾಪದ ಬೇಕು. ಗೋಡೆಪತ್ರಿಕೆಯನ್ನು ಭಾನುವಾರ ಬೆಳಿಗ್ಗೆ ಅಂಟಿಸುತ್ತಾರೆ.