ಸುಂಕವೇ ಇಲ್ಲದ ಒಪ್ಪಂದ ಇದ್ದರೂ ಬ್ರೆಕ್ಸಿಟ್‌ನಿಂದ ಬ್ರಿಟನ್ನಿಗೆ ನಷ್ಟ ಆಗಿದ್ದು ಹೇಗೆ?

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ):

ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರ ಓದುತ್ತಿದ್ದೇನೆ. ಒಂದು ದೇಶ ವ್ಯಾಪಾರ ಕೂಟದಿಂದ ಹೊರಗೆ ಬಂದರೆ ಏನಾಗುತ್ತದೆ ಅಂದರೆ ಎಲ್ಲರೂ ಬ್ರೆಕ್ಸಿಟ್ ಕಡೆಗೇ, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದರ ಕಡೆಗೇ, ಕೈ ತೋರಿಸುತ್ತಾರೆ. ಆದರೆ 2020ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟ ಮಾಡಿಕೊಂಡ ಒಪ್ಪಂದದಲ್ಲಿ ಸರಕಿನ ಮೇಲೆ ಸುಂಕವೂ ಇಲ್ಲ, ಕೋಟಾ ಮಿತಿಯೂ ಇಲ್ಲ. ಹಾಗಿದ್ದ ಮೇಲೆ ವ್ಯಾಪಾರ ಮೊದಲಿನ ಹಾಗೇ ನಡೆಯಬೇಕಿತ್ತು ಅಲ್ವಾ? ನಷ್ಟ ಎಲ್ಲಿಂದ ಬಂತು? ಪುಸ್ತಕದ ಉತ್ತರ ನನ್ನ ಹತ್ತಿರ ಇದೆ. ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಉತ್ತರ (ಕೆಂಟ್ ಕನ್ನಡಿಗ):

ನಾನು ಇಂಗ್ಲೆಂಡಿನ ಕೆಂಟ್‌ನಲ್ಲಿ ಕಸ್ಟಮ್ಸ್ ಕಾಗದಪತ್ರ ಮಾಡಿಕೊಡುವ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಡೋವರ್‌ನಿಂದ ಫ್ರಾನ್ಸಿನ ಕಲೇಗೆ ಹೋಗುವ ಲಾರಿಗಳ ಫೈಲುಗಳೇ ನನ್ನ ದಿನದ ಕೆಲಸ. ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ಸುಂಕದ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ, ಕಾಗದದ ಬಗ್ಗೆ ಕೇಳುವವರೇ ಕಮ್ಮಿ.

ಒಕ್ಕೂಟದ ಒಂದೇ ಮಾರುಕಟ್ಟೆಯ (ಸಿಂಗಲ್ ಮಾರ್ಕೆಟ್) ಒಳಗೆ ಇದ್ದಾಗ ಇಲ್ಲಿಂದ ಜರ್ಮನಿಗೆ ಸರಕು ಕಳಿಸುವುದಕ್ಕೆ ಸರಕುಪಟ್ಟಿ, ಸಾಗಣೆ ಚೀಟಿ ಸಾಕಿತ್ತು. 2021ರ ಜನವರಿ 1ರಿಂದ ಈ ಕಡೆ ಒಂದು ರಫ್ತು ಡಿಕ್ಲರೇಷನ್ (ಕಸ್ಟಮ್ಸ್‌ಗೆ ಕೊಡುವ ಘೋಷಣಾ ಪತ್ರ), ಆ ಕಡೆ ಒಂದು ಆಮದು ಡಿಕ್ಲರೇಷನ್. ಸರಕಿನ ಕೋಡ್, ತೂಕ, ಬೆಲೆ, ಎಲ್ಲಿ ತಯಾರಾಯಿತು ಎಂಬ ಹೇಳಿಕೆ, ಎಲ್ಲವೂ ಬೇಕು. ಸುಂಕ ಕಟ್ಟಬೇಕಿಲ್ಲ ಅಂತ ತೋರಿಸುವುದಕ್ಕೇ ಇಷ್ಟು ಕೆಲಸ.

ಮಾಂಸ, ಮೀನು, ಹಾಲಿನ ಪದಾರ್ಥ ಕಳಿಸುವವರ ಕಷ್ಟ ಇನ್ನೂ ಜಾಸ್ತಿ. ಅಧಿಕೃತ ಪಶುವೈದ್ಯರೋ ಅಧಿಕಾರಿಯೋ ಸಹಿ ಹಾಕಿದ ಆರೋಗ್ಯ ಪ್ರಮಾಣಪತ್ರ ಬೇಕು. ಅದು ಸರಕು ಒಳಗೆ ಹೋಗುವ ದೇಶದ ಭಾಷೆಯಲ್ಲೂ ಇರಬೇಕು. ಸಹಿ ಮತ್ತು ಸೀಲು ಅಚ್ಚಿನ ಅಕ್ಷರದ ಬಣ್ಣದಲ್ಲಿ ಇರುವಂತಿಲ್ಲ. ಕಪ್ಪು ಅಚ್ಚಿನ ಮೇಲೆ ಕಪ್ಪು ಸೀಲು ಬಿದ್ದರೆ ತಕರಾರು. ಈಗ ಒಂದು ಲಾರಿಯಲ್ಲಿ ಹತ್ತಾರು ಸಣ್ಣ ವ್ಯಾಪಾರಿಗಳ ಸರಕು ಒಟ್ಟಿಗೆ ಹೋಗುತ್ತಿದೆ ಅಂದುಕೊಳ್ಳಿ. ಒಬ್ಬರ ಪ್ರಮಾಣಪತ್ರದಲ್ಲಿ ಒಂದು ಪುಟ ಕಮ್ಮಿ ಇದ್ದರೂ ಇಡೀ ಲಾರಿ ಕಲೇಯಲ್ಲಿ ನಿಲ್ಲುತ್ತದೆ. ಉಳಿದವರ ಕಾಗದ ಸರಿ ಇದ್ದರೂ ಅವರ ಮೀನು ಕೂಡ ಕಾಯಬೇಕು. 2021ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಮೀನು ವ್ಯಾಪಾರಿಗಳು ಲಾರಿಗಳನ್ನು ತಂದು ಲಂಡನ್ನಿನ ಸಂಸತ್ತಿನ ಹತ್ತಿರ ನಿಲ್ಲಿಸಿ ಪ್ರತಿಭಟನೆ ಮಾಡಿದ್ದು ಇದೇ ಸಿಟ್ಟಿಗೆ. ಹಿಡಿದ ಮೀನು ಎರಡು ದಿನ ತಡ ಆದರೆ ಬೆಲೆ ಯಾರು ಕೊಡುತ್ತಾರೆ?

ಇನ್ನು ಸುಂಕ ಸೊನ್ನೆ ಅನ್ನೋದು ಎಲ್ಲ ಸರಕಿಗೂ ಅಲ್ಲ. ಬ್ರಿಟನ್ನಿನಲ್ಲೋ ಒಕ್ಕೂಟದಲ್ಲೋ ತಯಾರಾದ ಸರಕಿಗೆ ಮಾತ್ರ. ಚೀನಾದಿಂದ ಶೂ ತರಿಸಿ, ಇಂಗ್ಲೆಂಡಿನ ಗೋದಾಮಿನಲ್ಲಿ ಇಟ್ಟು, ಐರ್ಲೆಂಡಿಗೆ ಮಾರುವ ಒಬ್ಬ ಗಿರಾಕಿ ನಮಗಿದ್ದರು. ಶೂ ಇಂಗ್ಲೆಂಡಿಗೆ ಬರುವಾಗ ಒಂದು ಸುಂಕ, ಐರ್ಲೆಂಡಿಗೆ ಹೋಗುವಾಗ ಇನ್ನೊಂದು. ‘ಸುಂಕ ಇಲ್ಲ ಅಂತ ಟಿವಿಯಲ್ಲಿ ಹೇಳಿದರಲ್ಲ’ ಅಂತ ಫೋನಿನಲ್ಲಿ ಕೇಳುತ್ತಿದ್ದರು. ಕೊನೆಗೆ ಐರ್ಲೆಂಡಿನ ವ್ಯಾಪಾರವನ್ನೇ ಬಿಟ್ಟರು.

ಅವರ ಹಾಗೆ ಬಿಟ್ಟವರು ಬಹಳ ಜನ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2024ರಲ್ಲಿ ಹಾಕಿದ ಅಂದಾಜಿನಂತೆ ಸುಮಾರು 16,400 ಕಂಪನಿಗಳು ಒಕ್ಕೂಟಕ್ಕೆ ರಫ್ತು ಮಾಡುವುದನ್ನೇ ನಿಲ್ಲಿಸಿದವು. ಹೆಚ್ಚಿನವು ಸಣ್ಣವು. ದೊಡ್ಡ ಕಂಪನಿಗಳು ಹೆಚ್ಚುಕಮ್ಮಿ ತಡೆದುಕೊಂಡವು. ಕಾರಣ ಸರಳ. ಒಂದು ಡಿಕ್ಲರೇಷನ್ನಿಗೆ ಆಗುವ ಖರ್ಚು ತುಂಬಿದ ಲಾರಿಗೂ ಹೆಚ್ಚುಕಮ್ಮಿ ಅಷ್ಟೇ, ನಾಲ್ಕು ಪೆಟ್ಟಿಗೆಗೂ ಅಷ್ಟೇ. ಬ್ರಿಟನ್ನಿನದೇ ಸರ್ಕಾರಿ ಬಜೆಟ್ ಲೆಕ್ಕದ ಸಂಸ್ಥೆ, ಅಂದರೆ ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ, ಒಳಗೇ ಉಳಿದಿದ್ದರೆ ಇರುತ್ತಿದ್ದ ಮಟ್ಟಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ. 4ರಷ್ಟು ಕೆಳಗಿರುತ್ತದೆ ಅನ್ನುತ್ತದೆ. ಒಂದೇ ದಿನ ಬಿದ್ದ ಪೆಟ್ಟಲ್ಲ ಅದು, ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಸೇರುತ್ತಾ ಹೋಗುವುದು. ಅದಕ್ಕೇ ಬೀದಿಯಲ್ಲಿ ನಿಂತು ನೋಡಿದರೆ ಕಣ್ಣಿಗೆ ಕಾಣುವುದಿಲ್ಲ.

ಉತ್ತರ (ಲಿಂಕನ್‌ಶೈರ್ ನಿವಾಸಿ):

ಮೇಲಿನವರು ಬರೆದದ್ದು ಸರಿ. ಆದರೆ ಲೆಕ್ಕದಲ್ಲೇ ಮುಗಿಸಬೇಡಿ. ನಾನು ಇಂಗ್ಲೆಂಡಿನ ಬಾಸ್ಟನ್ ಪಟ್ಟಣದ ಹತ್ತಿರ ಇದ್ದೇನೆ. 2016ರ ಜೂನ್ 23ರ ಜನಮತದಲ್ಲಿ ಮತ ಹಾಕಿದವರಲ್ಲಿ ಇಡೀ ದೇಶದಲ್ಲಿ ಶೇ. 51.9 ಜನ ಒಕ್ಕೂಟದಿಂದ ಹೊರಬರೋಣ ಅಂದರು. ಬಾಸ್ಟನ್ನಿನಲ್ಲಿ ಶೇ. 75.6. ದೇಶದಲ್ಲೇ ಅತಿ ಹೆಚ್ಚು. ಸುತ್ತ ಎಲ್ಲ ತರಕಾರಿ ಹೊಲ. ಪೋಲೆಂಡ್, ಲಿಥುವೇನಿಯಾ 2004ರಲ್ಲಿ ಒಕ್ಕೂಟ ಸೇರಿದ ನಂತರ ಆ ಕಡೆಯಿಂದ ಕೆಲಸಕ್ಕೆ ಬಹಳ ಜನ ಬಂದರು. ಬಾಡಿಗೆ ಏರಿತು, ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ ಆಯಿತು. ಲಂಡನ್ನಿನಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ ಅನ್ನೋ ನೋವು ನನ್ನ ನೆರೆಹೊರೆಯವರಿಗೆ ನಿಜವಾಗಿ ಇತ್ತು. ಅವರು ದಡ್ಡರಲ್ಲ. ‘ಸ್ವಲ್ಪ ನಷ್ಟ ಆಗಲಿ, ನಮ್ಮ ಕಾನೂನು ನಾವು ಮಾಡೋಣ’ ಅಂತ ತಿಳಿದೇ ಹೇಳಿದವರೂ ಇದ್ದರು.

ಅವರಿಗೆ ಸಿಕ್ಕಿದ್ದೇನು? ಒಕ್ಕೂಟದಿಂದ ಬರುವವರು ಕಮ್ಮಿಯಾದರು. ಆದರೆ ಸರ್ಕಾರವೇ ಬೇರೆ ದೇಶಗಳವರಿಗೆ ವೀಸಾ ಬಾಗಿಲು ತೆರೆಯಿತು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ದೇಶಕ್ಕೆ ಬಂದವರಲ್ಲಿ ಹೋದವರನ್ನು ಕಳೆದರೆ 9 ಲಕ್ಷದ ಆಸುಪಾಸು. ಅದಕ್ಕೇ ಈ ಸಿಟ್ಟು ಆರಲಿಲ್ಲ. 2024ರ ಚುನಾವಣೆಯಲ್ಲಿ ಬಾಸ್ಟನ್ ಮತ್ತು ಸ್ಕೆಗ್ನೆಸ್ ಕ್ಷೇತ್ರವನ್ನು ವಲಸೆಯನ್ನು ಬಲವಾಗಿ ವಿರೋಧಿಸುವ ರಿಫಾರ್ಮ್ ಪಕ್ಷದ ರಿಚರ್ಡ್ ಟೈಸ್ ಗೆದ್ದರು. ಕೂಟದಿಂದ ಹೊರಬಂದರೆ ಆ ವಿಷಯದ ರಾಜಕೀಯ ಮುಗಿಯುತ್ತದೆ ಅಂದುಕೊಂಡಿದ್ದವರು ಇದನ್ನು ಗಮನಿಸಬೇಕು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದ. ಸೀಲಿನ ಬಣ್ಣದ ವಿಷಯ ಯಾವ ಪಠ್ಯದಲ್ಲೂ ಇರಲಿಲ್ಲ! ಇನ್ನೊಂದು ಕೇಳಬೇಕು. ಉತ್ತರ ಐರ್ಲೆಂಡ್ ವಿಷಯಕ್ಕೆ ಯಾಕೆ ಅಷ್ಟು ಜಗ್ಗಾಟ ಆಯಿತು?

ಉತ್ತರ (ಕೆಂಟ್ ಕನ್ನಡಿಗ):

ಲಿಂಕನ್‌ಶೈರ್‌ನವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಮತ ಹಾಕಿದವರನ್ನು ಬೈದರೆ ಏನೂ ಅರ್ಥ ಆಗುವುದಿಲ್ಲ.

ಉತ್ತರ ಐರ್ಲೆಂಡಿನ ಕಥೆ ಹೀಗೆ. ಎರಡು ಬೇರೆ ಬೇರೆ ಸುಂಕದ ವ್ಯವಸ್ಥೆ ಇದ್ದರೆ ನಡುವೆ ಎಲ್ಲೋ ಒಂದು ಕಡೆ ತಪಾಸಣೆ ಇರಲೇಬೇಕು. ಡೋವರ್‌ನಲ್ಲಿ ಸಮುದ್ರ ಇದೆ, ಬಂದರು ಇದೆ, ಅಲ್ಲಿ ಮಾಡಬಹುದು. ಐರ್ಲೆಂಡ್ ದ್ವೀಪದಲ್ಲಿ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಇರುವ ಐರ್ಲೆಂಡ್ ದೇಶಕ್ಕೂ ನಡುವೆ ಸುಮಾರು 500 ಕಿಲೋಮೀಟರ್ ಭೂಗಡಿ, ದಾಟುವ ಜಾಗಗಳೇ 200ಕ್ಕೂ ಹೆಚ್ಚು. ಉತ್ತರ ಐರ್ಲೆಂಡಿನ ದಶಕಗಳ ಹಿಂಸಾಚಾರಕ್ಕೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದದ ಶಾಂತಿ ನಿಂತಿರುವುದರಲ್ಲಿ ಆ ಗಡಿ ಕಣ್ಣಿಗೆ ಕಾಣದಂತೆ ಇರುವುದಕ್ಕೂ ದೊಡ್ಡ ಪಾಲಿದೆ. ಅಲ್ಲಿ ಮತ್ತೆ ಗೇಟು ಹಾಕುವ ಧೈರ್ಯ ಯಾರಿಗೂ ಇರಲಿಲ್ಲ, ಇರಬಾರದು ಕೂಡ.

ಆಗಿನ ಪ್ರಧಾನಿ ತೆರೇಸಾ ಮೇ ಇಡೀ ಬ್ರಿಟನ್ನನ್ನೇ ಸದ್ಯಕ್ಕೆ ಒಕ್ಕೂಟದ ಸುಂಕದ ಕೂಟಕ್ಕೆ (ಕಸ್ಟಮ್ಸ್ ಯೂನಿಯನ್) ಹತ್ತಿರ ಇಡುವ ದಾರಿ ಹಿಡಿದರು. 2019ರ ಜನವರಿ 15ರಂದು ಸಂಸತ್ತು ಅದನ್ನು 432–202ರಿಂದ ತಳ್ಳಿಹಾಕಿತು. ಆಮೇಲೆ ಪ್ರಧಾನಿಯಾದ ಬೋರಿಸ್ ಜಾನ್ಸನ್ ಗಡಿಯನ್ನು ಸಮುದ್ರಕ್ಕೆ ಇಳಿಸಿದರು. ಅಂದರೆ ಇಂಗ್ಲೆಂಡಿನಿಂದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ, ತನ್ನದೇ ದೇಶದ ಒಳಗೆ, ಸರಕು ಕಳಿಸಲು ಕಾಗದ ಬೇಕಾಯಿತು. ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಡಿಯುಪಿ ಪಕ್ಷ ಅದನ್ನು ವಿರೋಧಿಸಿ 2022ರ ಫೆಬ್ರವರಿಯಲ್ಲಿ, ಎರಡೂ ಬಣಗಳು ಸೇರಿ ನಡೆಸಲೇಬೇಕಾದ ಅಲ್ಲಿನ ಸರ್ಕಾರದಿಂದ ಹೊರಗೆ ನಡೆಯಿತು. ಬ್ರಿಟನ್ ಮತ್ತು ಒಕ್ಕೂಟ ಮಾಡಿಕೊಂಡ 2023ರ ವಿಂಡ್ಸರ್ ಒಪ್ಪಂದದಲ್ಲಿ ಕಾಗದ ಕಮ್ಮಿಯಾಯಿತು, ಆದರೂ ಸರ್ಕಾರ ಮತ್ತೆ ರಚನೆ ಆಗಿದ್ದು 2024ರ ಫೆಬ್ರವರಿಯಲ್ಲಿ. ಎರಡು ವರ್ಷ ಆ ಜನರಿಗೆ ತಮ್ಮ ಸರ್ಕಾರವೇ ಇರಲಿಲ್ಲ. ನನಗೆ ಬ್ರೆಕ್ಸಿಟ್‌ನಲ್ಲಿ ಅತಿ ಬೇಜಾರಾಗಿದ್ದು ಇದು. 2016ರಲ್ಲಿ ಉತ್ತರ ಐರ್ಲೆಂಡಿನ ಶೇ. 55.8 ಮತದಾರರು ಒಳಗೇ ಇರೋಣ ಅಂದಿದ್ದರು.

ಉತ್ತರ (ಆಫ್ರಿಕಾ ಸುದ್ದಿ ಓದುವವನು):

ಬ್ರಿಟನ್ ಒಂದೇ ನೋಡಬೇಡಿ. ಮಾಲಿ, ಬುರ್ಕಿನಾ ಫಾಸೋ, ನೈಜರ್ ಈ ಮೂರೂ 2025ರ ಜನವರಿ 29ರಂದು ಪಶ್ಚಿಮ ಆಫ್ರಿಕಾದ ಇಕೋವಾಸ್ ಕೂಟದಿಂದ ಹೊರಬಂದವು. ಅಲ್ಲಿ ಜನಮತ ಕೇಳಿದ್ದೇ ಇಲ್ಲ, ಮೂರೂ ಸೇನಾ ಆಡಳಿತಗಳು. 2023ರಲ್ಲಿ ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ಕೂಟ ಗಡಿ ಮುಚ್ಚಿ, ಆರ್ಥಿಕ ನಿರ್ಬಂಧ ಹೇರಿತು. ಸಿಟ್ಟು ಅಲ್ಲಿಂದ ಹೆಚ್ಚಾಯಿತು. ಮೂರಕ್ಕೂ ಸಮುದ್ರ ಇಲ್ಲ. ಸರಕು ಬರಬೇಕಾದ್ದು ನೆರೆ ದೇಶಗಳ ಅಬಿಜಾನ್, ಲೋಮೆ, ಕೊಟೊನೂ ಬಂದರುಗಳಿಂದ. ಹಾಗಾಗಿ ಕೂಟ ಬಿಟ್ಟರೂ ನೆರೆಯವರನ್ನು ಬಿಡುವ ಹಾಗಿಲ್ಲ. ಮೂರೂ ದೇಶಗಳು ಫ್ರಾಂಕ್ ನಾಣ್ಯದ ಇನ್ನೊಂದು ಕೂಟದಲ್ಲಿ ಉಳಿದುಕೊಂಡವು. ಎಲ್ಲ ಕಡೆಯಿಂದ ಒಮ್ಮೆಲೇ ಕಳಚಿಕೊಳ್ಳಲಿಲ್ಲ. ನಿಮ್ಮ ಪ್ರಬಂಧಕ್ಕೆ ಈ ಹೋಲಿಕೆ ಉಪಯೋಗ ಆಗಬಹುದು.

ಪ್ರಶ್ನೆ ಕೇಳಿದವರು:

ಖಂಡಿತ ಆಗುತ್ತದೆ. ಕೊನೆಯದು: ಬ್ರಿಟನ್ ಮನಸ್ಸು ಮಾಡಿದರೆ ವಾಪಸ್ ಹೋಗಬಹುದಾ?

ಉತ್ತರ (ಕೆಂಟ್ ಕನ್ನಡಿಗ):

ಕಾನೂನಿನಲ್ಲಿ ದಾರಿ ಇದೆ. ಹೊಸ ದೇಶದ ಹಾಗೆ ಅರ್ಜಿ ಹಾಕಬೇಕು, ಎಲ್ಲ 27 ದೇಶಗಳೂ ಒಪ್ಪಬೇಕು. ಮೊದಲಿದ್ದ ರಿಯಾಯಿತಿಗಳು, ಉದಾಹರಣೆಗೆ ಕೂಟದ ಬಜೆಟ್ಟಿಗೆ ಕೊಡುವ ಹಣದಲ್ಲಿ ಸಿಗುತ್ತಿದ್ದ ಕಡಿತ, ತಾನಾಗಿ ಮತ್ತೆ ಸಿಗುವುದಿಲ್ಲ. ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಒಂದೇ ಮಾರುಕಟ್ಟೆಗಾಗಲಿ ಸುಂಕದ ಕೂಟಕ್ಕಾಗಲಿ ವಾಪಸ್ ಹೋಗುವುದಿಲ್ಲ ಅಂತಲೇ 2024ರ ಚುನಾವಣೆಗೆ ಹೋದರು.

ಅದರ ಬದಲು ತುಂಡು ತುಂಡಾಗಿ ಹತ್ತಿರ ಹೋಗುವ ಕೆಲಸ ನಡೆದಿದೆ. 2025ರ ಮೇ ತಿಂಗಳಲ್ಲಿ ಆಹಾರ ಮತ್ತು ಪ್ರಾಣಿ ಆರೋಗ್ಯದ ನಿಯಮಗಳ ಬಗ್ಗೆ ಒಪ್ಪಂದ ಮಾಡಿಕೊಳ್ಳೋಣ ಅಂತ ಎರಡೂ ಕಡೆ ಒಪ್ಪಿದವು. ಅದೇ ಮಾತುಕತೆಯಲ್ಲಿ ಬ್ರಿಟನ್ ತನ್ನ ಕಡಲಲ್ಲಿ ಒಕ್ಕೂಟದ ದೋಣಿಗಳಿಗೆ 2038ರವರೆಗೆ ಮೀನು ಹಿಡಿಯಲು ಬಿಟ್ಟಿತು. ಮೀನುಗಾರರಿಗೆ ಬಹಳ ನೋವಾಯಿತು, ಅದು ನ್ಯಾಯವೇ. ಬ್ರೆಕ್ಸಿಟ್ ಬೇಕು ಅಂತ ಮುಂದೆ ನಿಂತವರಲ್ಲಿ ಅವರೂ ಇದ್ದರು. ಆಹಾರದ ಒಪ್ಪಂದ ಜಾರಿಯಾದರೆ ಆ ನಿಯಮಗಳಲ್ಲಿ ಬ್ರಸೆಲ್ಸ್, ಅಂದರೆ ಒಕ್ಕೂಟ, ಮಾಡಿದ್ದನ್ನು ಬ್ರಿಟನ್ ಪಾಲಿಸಬೇಕಾಗುತ್ತದೆ. ಮೊದಲು ಆ ನಿಯಮ ಮಾಡುವ ಮೇಜಿನಲ್ಲಿ ಬ್ರಿಟನ್ನಿಗೂ ಒಂದು ಮತ ಇತ್ತು.

ಈ ಒಪ್ಪಂದ ಪೂರ್ತಿ ಜಾರಿಗೆ ಬಂದರೆ ನಾನು ಬರೆದ ಆ ಆರೋಗ್ಯ ಪ್ರಮಾಣಪತ್ರಗಳ ಹೊರೆ ಬಹುಮಟ್ಟಿಗೆ ಇಳಿಯಬೇಕು. ಕಸ್ಟಮ್ಸ್ ಡಿಕ್ಲರೇಷನ್ ಮಾತ್ರ ಉಳಿಯುತ್ತದೆ. ಸುಂಕದ ಕೂಟದ ಹೊರಗೆ ಇರುವವರೆಗೆ ಅದು ಹೋಗುವುದಿಲ್ಲ. ಪ್ರಬಂಧಕ್ಕೆ ನಮೂನೆ ಡಿಕ್ಲರೇಷನ್ ಬೇಕಿದ್ದರೆ ಹೇಳಿ, ಹೆಸರು ಬೆಲೆ ಎಲ್ಲ ತೆಗೆದ ಖಾಲಿ ನಮೂನೆಯಲ್ಲಿ ಯಾವ ಕಾಲಮ್ಮಿನಲ್ಲಿ ಏನು ತುಂಬಬೇಕು ಅಂತ ಇಲ್ಲೇ ಬರೆಯುತ್ತೇನೆ.