ಮರವಂತೆಯಲ್ಲಿ ಕಣ್ಣಿಗೆ ಬಿದ್ದ ಹಳೇ ಜಾವಾ, ಕೊಳ್ಳಬಹುದಾ? ಅನುಭವ ಇರುವವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ:

ಕಳೆದ ಶನಿವಾರ, ಭಾನುವಾರ ನಾನು ಮತ್ತು ನನ್ನ ಹೆಂಡತಿ ಮರವಂತೆಗೆ ಹೋಗಿದ್ದೆವು. ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಕುಂದಾಪುರದಲ್ಲಿ ಇಳಿದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಅದನ್ನು ನೋಡಬೇಕು ಅಂತಲೇ ಹೋಗಿದ್ದು. ಆದರೆ ವಾಪಸ್ ಬಂದಾಗಿನಿಂದ ತಲೆಯಲ್ಲಿ ಓಡುತ್ತಿರುವುದು ಬೇರೆಯೇ ವಿಷಯ.

ನಾವು ಉಳಿದುಕೊಂಡ ಮನೆಯ ಹಿಂದೆ ಸೌದೆ ಕೊಟ್ಟಿಗೆ ಇದೆ. ಅಲ್ಲಿ ಟಾರ್ಪಾಲಿನ ಕೆಳಗೆ ಮರೂನ್ ಬಣ್ಣದ ಒಂದು ಹಳೇ ಬೈಕು. ಟ್ಯಾಂಕಿನ ಎರಡೂ ಪಕ್ಕ ಕ್ರೋಮ್, ಎರಡೂ ಕಡೆ ಸೈಲೆನ್ಸರ್, ಮೀಟರು ಹೆಡ್‌ಲೈಟಿನ ಮೇಲೇ ಕೂತಿದೆ. ಟ್ಯಾಂಕಿನ ಮೇಲೆ ಜಾವಾ ಅಂತ ಈಗಲೂ ಓದಬಹುದು. ನಂಬರು ಕೆಎ ಅಲ್ಲ, ಅದಕ್ಕೂ ಮುಂಚಿನ ಮೂರಕ್ಷರದ್ದು. ಆ ಮನೆಯ ಅಮ್ಮನಿಗೆ ಎಪ್ಪತ್ತು ದಾಟಿದೆ. "ಅವರು ತೀರಿಕೊಂಡ ಮೇಲೆ ಯಾರೂ ಮುಟ್ಟಲಿಲ್ಲ. ಮಗ ಮುಂಬೈಯಲ್ಲಿ. ಚೆನ್ನಾಗಿ ನೋಡಿಕೊಳ್ಳುವವರು ಸಿಕ್ಕಿದರೆ ಕೊಡುವ ಅಂತ ಇದ್ದೇನೆ" ಅಂದರು.

ಕೊಳ್ಳಬಹುದಾ? ಏನೇನು ನೋಡಬೇಕು? ಕಾಗದಪತ್ರ ಹೇಗೆ, ಬೆಂಗಳೂರಿಗೆ ತರುವುದು ಹೇಗೆ? ಸದ್ಯದಲ್ಲೇ ಮತ್ತೆ ಹೋಗುವವನಿದ್ದೇನೆ.

ಮೈಸೂರಿನಿಂದ:

ಇವತ್ತೇ ಆ ಅಮ್ಮನಿಗೆ ಫೋನ್ ಮಾಡಿ ಒಂದು ಮಾತು ಹೇಳಿಬಿಡಿ. ಯಾರು ಬಂದರೂ ಅದಕ್ಕೆ ಕಿಕ್ ಹೊಡೆಯಲು ಬಿಡಬೇಡಿ ಅಂತ. ನೀವೂ ಹೊಡೆಯಬೇಡಿ.

ಅದು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗಿಗೂ ಸಿಗುವ ಎಣ್ಣೆ. ಗಾಡಿ ವರ್ಷಗಟ್ಟಲೆ ನಿಂತರೆ ಒಳಗಿನ ಪಸೆ ಆರಿಹೋಗುತ್ತದೆ. ತೇವ ಸೇರಿಕೊಂಡು ಸಿಲಿಂಡರಿಗೂ ಬೇರಿಂಗಿಗೂ ತುಕ್ಕು ಹಿಡಿಯುತ್ತದೆ. ಅಂಥ ಇಂಜಿನ್ನಿಗೆ ಜೋರಾಗಿ ಒದ್ದರೆ ಪಿಸ್ಟನ್ನಿನ ರಿಂಗ್ ಮುರಿಯಬಹುದು, ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿ, ಗೀರು ಬೀಳಬಹುದು. ಸುಮ್ನೆ ಎಷ್ಟೋ ಒಳ್ಳೆಯ ಇಂಜಿನ್‌ಗಳು ಹೀಗೆ ಹಾಳಾಗಿವೆ. "ಸ್ಟಾರ್ಟ್ ಆಗತ್ತಾ ನೋಡೋಣ" ಅನ್ನುವ ಆಸೆಯನ್ನು ಸ್ವಲ್ಪ ದಿನ ತಡೆದುಕೊಳ್ಳಿ.

ಮುಂದಿನ ಸಲ ಹೋದಾಗ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಒಂದೆರಡು ಚಮಚ 2ಟಿ ಎಣ್ಣೆ (ಟೂ ಸ್ಟ್ರೋಕ್ ಇಂಜಿನ್ನಿಗೆ ಹಾಕುವ ಎಣ್ಣೆ) ಬಿಡಿ. ರಾತ್ರಿಯೆಲ್ಲ ಹಾಗೇ ಇರಲಿ. ಬೆಳಿಗ್ಗೆ ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಇದರಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇಲ್ಲ. ಎಡಗಡೆ ಇರುವ ಒಂದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಹೊಸಬರು ಅದನ್ನು ಎಳೆದಾಡಿ ಹಲ್ಲು ಸವೆಸುತ್ತಾರೆ, ನಿಧಾನ ಇರಲಿ. ಇಂಜಿನ್ ತಿರುಗಿದರೆ ಅರ್ಧ ಗೆದ್ದಂತೆ. ತಿರುಗದಿದ್ದರೂ ಬಿಡುವ ಅಗತ್ಯ ಇಲ್ಲ. ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸಬಹುದು. ಕ್ರ್ಯಾಂಕ್ ಬಿಚ್ಚಿ ಬೇರಿಂಗ್, ಆಯಿಲ್ ಸೀಲ್ ಹಾಕುವ ಕೈಗಳು ಮೈಸೂರು, ಬೆಂಗಳೂರು ಎರಡೂ ಕಡೆ ಇವೆ. ಆ ಖರ್ಚನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಮಾತಾಡಿ, ಅಷ್ಟೇ. ಆಯಿಲ್ ಸೀಲ್ ಮಾತ್ರ ನೋಡಲು ಚೆನ್ನಾಗಿದ್ದರೂ ಬದಲಿಸಲೇಬೇಕು. ಒಣಗಿದ ಸೀಲಿನಿಂದ ಗಾಳಿ ಒಳಗೆ ಎಳೆದರೆ ಪೆಟ್ರೋಲ್ ಮಿಶ್ರಣ ತೆಳುವಾಗಿ ಇಂಜಿನ್ ಕಾದು ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಸಿಕ್ಕಿಕೊಂಡು ನಿಲ್ಲುತ್ತದೆ.

ಇಸವಿ ಬಗ್ಗೆ ಹೇಳುವುದಾದರೆ, ನೀವು ಬರೆದ ಲಕ್ಷಣ ನೋಡಿದರೆ ಅದು ನಮ್ಮೂರಿನದೇ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ಇತ್ತು. ರುಸ್ತುಂ ಇರಾನಿ, ಫರೂಕ್ ಇರಾನಿ ಕಟ್ಟಿದ್ದು, ಜಯಚಾಮರಾಜ ಒಡೆಯರ್ ಬೆಂಬಲವೂ ಇತ್ತು. 1961ರಿಂದ ಅಲ್ಲಿ ಜೆಕ್ ಕಂಪನಿಯ ಜಾವಾ 250 ತಯಾರಾಯಿತು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಅನ್ನುವ ಹೆಸರಿಗೆ ಬದಲಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ತಂದೆ ಅಲ್ಲಿ ಕೆಲಸ ಮಾಡಿದವರು. ಆ ಬಾಗಿಲು ಮುಚ್ಚಿದ್ದನ್ನು ಅವರು ಕೊನೆಯವರೆಗೂ ಮನೆಯ ಸಾವಿನ ಹಾಗೆಯೇ ಹೇಳುತ್ತಿದ್ದರು. ಹಾಗಾಗಿ ಇಂಥ ಗಾಡಿಯೊಂದು ಕೊಟ್ಟಿಗೆಯಲ್ಲಿ ಉಳಿದಿದೆ ಅಂತ ಕೇಳಿದರೆ ನನಗೆ ನಿಜಕ್ಕೂ ಖುಷಿ.

ಟ್ಯಾಂಕಿನಲ್ಲಿ ಜಾವಾ ಅಂತ ಇದ್ದ ಮಾತ್ರಕ್ಕೆ ಇಡೀ ಗಾಡಿ ಜಾವಾ ಅಂತ ನಂಬಬೇಡಿ. ಜಾವಾ, ಯೆಜ್ಡಿ ಎರಡರ ಭಾಗಗಳನ್ನೂ ಬೆರೆಸಿ ಓಡಿಸಿದವರು ಜಾಸ್ತಿ ಜನ. ಹ್ಯಾಂಡಲ್ ಕತ್ತಿನ ಹತ್ತಿರ ಚಾಸಿಸ್ ನಂಬರು, ಇಂಜಿನ್ ಮೈಮೇಲೆ ಇಂಜಿನ್ ನಂಬರು ಇರುತ್ತದೆ. ಉಜ್ಜಿ, ಫೋಟೋ ತೆಗೆದು, ಆರ್‌ಸಿ ಬುಕ್ಕಿನ ಜೊತೆ ಒಂದೊಂದೇ ಅಂಕಿ ಹೋಲಿಸಿ. ನಂಬರನ್ನು ತಿದ್ದಿದ ಗುರುತು ಕಂಡರೆ ಎಷ್ಟೇ ಕಡಿಮೆ ಬೆಲೆ ಹೇಳಿದರೂ ಕೈ ಹಾಕಬೇಡಿ.

ಇನ್ನೊಂದು, ಬಣ್ಣ. ಮೂಲ ಬಣ್ಣ, ಅದರ ಮೇಲಿನ ಗೆರೆ ಮುಕ್ಕಾಲು ಭಾಗ ಉಳಿದಿದ್ದರೂ ಅದನ್ನು ಹಾಗೇ ಇಟ್ಟುಕೊಳ್ಳಿ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು. ಕಾರ್ಖಾನೆಯ ಬಣ್ಣವನ್ನು ಮತ್ತೆ ತರಲು ಆಗುವುದಿಲ್ಲ. ಕೊಟ್ಟಿಗೆಯಲ್ಲಿ ಒಂದು ಡಬ್ಬಿ, ಒಂದು ಚೀಲ ಬಿಡದೆ ಹುಡುಕಲು ಅನುಮತಿ ಕೇಳಿ. ಕೀಲಿ, ಟೂಲ್ ಕಿಟ್, ಬಿಚ್ಚಿಟ್ಟ ಹಳೇ ಕಾರ್ಬ್ಯುರೇಟರ್ ಅಲ್ಲೇ ಎಲ್ಲೋ ಇರುತ್ತವೆ. ಹೊಸದಾಗಿ ಮಾಡಿದ ಬಿಡಿಭಾಗ ಮಾರುಕಟ್ಟೆಯಲ್ಲಿ ಸಿಗುತ್ತವೆ. ಆದರೆ ಹಳೆಯದರ ಲೋಹವೇ ಬೇರೆ.

ಉಡುಪಿಯಿಂದ:

ಮೈಸೂರಿನವರು ಇಂಜಿನ್ ಹೇಳಿದರು. ನಾನು ಕಡಲತೀರದವನು, ಉಪ್ಪುಗಾಳಿಯ ವಿಷಯ ಹೇಳುತ್ತೇನೆ.

ಮರವಂತೆಯಂಥ ಜಾಗದಲ್ಲಿ ಗಾಡಿ ಮೇಲಿನಿಂದ ಹಾಳಾಗುವುದಲ್ಲ, ಕೆಳಗಿನಿಂದ. ಕ್ರೋಮ್ ಹೊಳೆಯುತ್ತಿದೆ ಅಂತ ಸಮಾಧಾನ ಪಡಬೇಡಿ. ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಹಿಡಿದು ಮಲಗಿ ನೋಡಿ. ಮಡ್‌ಗಾರ್ಡಿನ ಒಳ ಮಡಿಕೆ, ಬ್ಯಾಟರಿ ಕೂರುವ ಜಾಗ, ಸೈಲೆನ್ಸರಿನ ತಳ, ಚೈನ್ ಕವರಿನ ತಳ, ರಿಮ್ಮಿನಲ್ಲಿ ಕಡ್ಡಿ ಸೇರುವ ತೂತುಗಳು. ಇವುಗಳನ್ನು ತುದಿಯಿಂದ ಮೆಲ್ಲಗೆ ಚುಚ್ಚಿ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಪದರ ಪದರವಾಗಿ ಏಳುತ್ತಿದ್ದರೆ ಆ ತಗಡು ಮುಗಿದಂತೆ. ಇವೆಲ್ಲ ಹೇಗಿದ್ದರೂ ಸರಿಮಾಡಬಹುದು. ಚಾಸಿಸ್ ಕೊಳವೆ ಅಥವಾ ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಕೊಳೆತಿದ್ದರೆ ಮಾತ್ರ ನಾನಾದರೆ ಹಿಂದೆ ಸರಿಯುತ್ತೇನೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೂ ಬೆಳಕು ಬಿಡಿ.

ಆ ಟಾರ್ಪಾಲ್ ತೆಗೆಸಿ. ಪ್ಲಾಸ್ಟಿಕ್ಕು ಕೆಳಗಿನ ತೇವವನ್ನು ಹಿಡಿದಿಡುತ್ತದೆ, ಹೊರಗೆ ಬಿಡುವುದಿಲ್ಲ. ಹಳೇ ಹತ್ತಿ ಬೆಡ್‌ಶೀಟ್ ಹೊದೆಸಿದರೆ ಸಾಕು. ಚಕ್ರದ ಕೆಳಗೆ ಹಲಗೆ ಇಡಿ. ಜೂನ್ ಮಳೆ ಶುರುವಾಗುವ ಮೊದಲು ಅಲ್ಲಿಂದ ಎತ್ತುವುದು ಒಳ್ಳೆಯದು.

ಈಗ ಕಾಗದ. ನನ್ನ ದೃಷ್ಟಿಯಲ್ಲಿ ನಿಮಗೆ ಕಷ್ಟ ಕೊಡುವುದು ಇಂಜಿನ್ ಅಲ್ಲ, ಇದೇ. ಆರ್‌ಸಿ ತೀರಿಕೊಂಡವರ ಹೆಸರಿನಲ್ಲಿ ಇದೆ. ಹಾಗಾಗಿ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು. ಮರಣ ಪ್ರಮಾಣಪತ್ರ, ಮಗನ ಒಪ್ಪಿಗೆ ಎಲ್ಲ ಬೇಕಾಗುತ್ತದೆ. ಆಮೇಲೆ ಫಾರಂ 29, 30ರಲ್ಲಿ ನಿಮ್ಮ ಹೆಸರಿಗೆ. ನೋಂದಣಿ ಹದಿನೈದು ವರ್ಷಕ್ಕೆ ಮಾತ್ರ, ನಂತರ ಐದೈದು ವರ್ಷಕ್ಕೆ ನವೀಕರಣ. ಅದು ಯಾವಾಗ ನಿಂತಿದೆ ಅಂತ ಬುಕ್ಕಿನ ಹಿಂದಿನ ಪುಟಗಳಲ್ಲಿ ನೋಡಿ. ನವೀಕರಣಕ್ಕೆ ಫಾರಂ 25, ಜೊತೆಗೆ ಗಾಡಿ ತಪಾಸಣೆ. ಬಾಕಿ ತೆರಿಗೆ, ದಂಡ ಎಷ್ಟಾಗುತ್ತದೆ ಅಂತ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡ ಮೇಲೆಯೇ ಹಣದ ಮಾತು.

ಐವತ್ತು ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಅಂತ ಬಂದಿದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಅದರಲ್ಲಿ ಪ್ರದರ್ಶನ, ರ್ಯಾಲಿ, ಪೆಟ್ರೋಲ್, ರಿಪೇರಿ ಇಂಥದಕ್ಕೆ ಮಾತ್ರ ರಸ್ತೆಗೆ ತರಬಹುದು. ನೀವು ಓಡಿಸುವ ಆಸೆ ಇಟ್ಟುಕೊಂಡಿದ್ದರೆ ಮಾಮೂಲಿ ನವೀಕರಣವೇ ಸರಿ.

ಕೊನೆಗೆ ಆ ಅಮ್ಮನ ವಿಷಯ. ಮುಂಬೈಯ ಮಗನ ಜೊತೆ ನೀವೇ ಮಾತಾಡಿ. ಅವರಿಗೆ ಗೊತ್ತಿಲ್ಲದೆ ವ್ಯಾಪಾರ ಮುಗಿಸಬೇಡಿ. ಅದು ಅವರ ಅಪ್ಪನ ಗಾಡಿ. ಬೆಂಗಳೂರಿನಲ್ಲಿ ಅದಕ್ಕೆ ಎಷ್ಟು ಬೆಲೆ ಇದೆ ಅಂತ ಅವರಿಗೂ ಹೇಳಿ, ರಿಪೇರಿ ಖರ್ಚನ್ನೂ ಹೇಳಿ, ಮಧ್ಯದಲ್ಲಿ ಒಂದು ಬೆಲೆಗೆ ಬನ್ನಿ. ಗೊತ್ತಿಲ್ಲದವರಿಂದ ಮೂರು ಕಾಸಿಗೆ ತಂದೆ ಅಂತ ಹೇಳಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಶಿವಮೊಗ್ಗದಿಂದ:

ತರುವುದಕ್ಕೆ ಎರಡು ದಾರಿ. ರೈಲಿನ ಪಾರ್ಸೆಲ್ ಆದರೆ ಟ್ಯಾಂಕು ಪೂರ್ತಿ ಖಾಲಿ ಇರಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಬೇಕು, ಗೋಣಿ ಸುತ್ತಿ ಕಟ್ಟಿಸಬೇಕು. ಎಲ್ಲ ನಿಲ್ದಾಣದಲ್ಲೂ ಬುಕ್ ಮಾಡುವುದಿಲ್ಲ, ಮೊದಲೇ ಕೇಳಿ. ನಾನಂತೂ ಸಣ್ಣ ಗೂಡ್ಸ್ ಗಾಡಿಯನ್ನೇ ಹೇಳುತ್ತೇನೆ. ಹಗ್ಗವನ್ನು ಹ್ಯಾಂಡಲ್ಲಿಗೋ ಸೈಲೆನ್ಸರಿಗೋ ಕಟ್ಟಬೇಡಿ, ಚಾಸಿಸ್ಸಿಗೆ ಕಟ್ಟಿ. ಹಗ್ಗ ಉಜ್ಜುವ ಕಡೆ ಬಟ್ಟೆ ಸುತ್ತಿ. ಘಾಟಿಯ ತಿರುವಿನಲ್ಲಿ ಸಡಿಲ ಆಗುತ್ತದೆ, ಮೇಲೆ ಹತ್ತಿದ ತಕ್ಷಣ ಒಮ್ಮೆ ನಿಲ್ಲಿಸಿ ಬಿಗಿ ಮಾಡಿ.

ಬೆಂಗಳೂರಿನ ಇನ್ನೊಬ್ಬರಿಂದ:

ಅಪ್ಪನಿಂದ ನನಗೆ ಬಂದ ಯೆಜ್ಡಿ ರೋಡ್‌ಕಿಂಗನ್ನು ನಾನು ಈಗಲೂ ಓಡಿಸುತ್ತೇನೆ. ಹಾಗಾಗಿ ಕೊಂಡ ಮೇಲಿನ ಮಾತು ನನ್ನದು. ಮೊದಲಿಗೆ, ನಿಮ್ಮ ಹೆಂಡತಿಗೆ ಇದು ಇಷ್ಟವಾ? ನೀವು ಅದನ್ನು ಬರೆದೇ ಇಲ್ಲ. ಹಳೇ ಗಾಡಿ ಅಂದರೆ ಭಾನುವಾರಗಳೆಲ್ಲ ಅದಕ್ಕೇ ಹೋಗುತ್ತವೆ. ಮನೆಯಲ್ಲಿ ಇಬ್ಬರಿಗೂ ಆಸೆ ಇದ್ದರೆ ಅದಕ್ಕಿಂತ ಚೆಂದ ಇನ್ನೊಂದಿಲ್ಲ.

ಪೆಟ್ರೋಲಿಗೆ ಲೀಟರಿಗೆ 30ರಿಂದ 40 ಮಿಲಿ ಲೀಟರ್ 2ಟಿ ಎಣ್ಣೆ ಬೆರೆಸಬೇಕು. ಈಗ ಎಲ್ಲ ಬಂಕಿನಲ್ಲೂ ಅಳತೆ ಮಾಡಿ ಹಾಕಿಕೊಡುವವರು ಇಲ್ಲ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಬಾಟಲಿ, ಒಂದು ಅಳತೆ ಲೋಟ ಇರುತ್ತದೆ. ಇವತ್ತಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪು, ವಾಷರ್ ಎಲ್ಲ ಹೊಸದು ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು, ಕಾರ್ಬ್ಯುರೇಟರ್ ಖಾಲಿ ಮಾಡಿ.

ಈ ಗಾಡಿಯಲ್ಲಿ ಮತ್ತೆ ಕರಾವಳಿಗೆ ಹೋಗುವ ಯೋಚನೆ ಇದ್ದರೆ ಇದು ಗೊತ್ತಿರಲಿ. ಆಗುಂಬೆ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲಿ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತದೆ, ಪೆಟ್ರೋಲ್ ಹೋಗುವುದಿಲ್ಲ, ಅದರ ಜೊತೆಗಿನ ಎಣ್ಣೆಯೂ ಹೋಗುವುದಿಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ. ಡ್ರಮ್ ಬ್ರೇಕು ಕಾದರೆ ಹಿಡಿತ ಕಡಿಮೆ, ನಿಂತು ನಿಂತು ಇಳಿಯಿರಿ. ಹಳೇ ಜಾವಾಗಳ ದೀಪ 6 ವೋಲ್ಟಿನದು. ಕತ್ತಲೆಯಲ್ಲಿ ಹೆದ್ದಾರಿ ಬೇಡವೇ ಬೇಡ.

ಹಣ ಕೊಡುವ ಮುಂಚೆ ಓಡುತ್ತಿರುವ ಜಾವಾವೊಂದನ್ನು ನೋಡಿ, ಹಿಂದೆ ಕೂತು ಒಂದು ಸುತ್ತು ಹೋಗಿ ಬನ್ನಿ. ಜುಲೈ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ ದಿನ. ಅವತ್ತು ಬೆಂಗಳೂರಿನಲ್ಲಿ ಈ ಗಾಡಿಗಳವರೆಲ್ಲ ಸೇರುತ್ತಾರೆ. ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ ಅಲ್ವಾ, ಹಾಗಾದರೆ ಮೆಸೇಜ್ ಮಾಡಿ, ನನ್ನದನ್ನೇ ತೋರಿಸುತ್ತೇನೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಫೋನ್ ಮಾಡಿದೆ. ಟಾರ್ಪಾಲ್ ತೆಗೆಸಿ ಸೀರೆ ಹೊದೆಸಿದ್ದಾರಂತೆ. ಆರ್‌ಸಿ ಬುಕ್ಕು ಪೆಟ್ಟಿಗೆಯಲ್ಲಿ ಸಿಕ್ಕಿದೆ, ಫೋಟೋ ಬಂತು. ಮಗನೂ ಮಾತಾಡಿದರು, ಒಪ್ಪಿದ್ದಾರೆ. ಹೆಂಡತಿಯೇ ನನಗಿಂತ ಮುಂದೆ ಇದ್ದಾಳೆ. ಆದರೆ ಆ ನಂಬರು ಸರ್ಕಾರದ ಆ್ಯಪಿನಲ್ಲಿ ಬರುತ್ತಿಲ್ಲ. ಗಾಡಿಯನ್ನು ಮೊದಲು ತಂದುಬಿಡಲಾ?

ಉಡುಪಿಯಿಂದ:

ಬೇಡ. ಆ್ಯಪಿನಲ್ಲಿ ಬರುತ್ತಿಲ್ಲ ಅಂದರೆ ಹಳೇ ರಿಜಿಸ್ಟರಿನಿಂದ ಇನ್ನೂ ಕಂಪ್ಯೂಟರಿಗೆ ಏರಿಸಿಲ್ಲದೆ ಇರಬಹುದು. ಬುಕ್ಕಿನಲ್ಲಿ ಸೀಲು ಹಾಕಿದ ಕಚೇರಿ ಯಾವುದು ನೋಡಿ, ಮೂಲ ಬುಕ್ಕು ಹಿಡಿದು ಮಗನ ಜೊತೆ ಅಲ್ಲಿಗೇ ಹೋಗಿ, ಏರಿಸಿಕೊಡಿ ಅಂತ ಅರ್ಜಿ ಕೊಡಿ. ಚಾಸಿಸ್ ನಂಬರು ನೋಡಬೇಕು, ಗಾಡಿ ತೋರಿಸಿ ಅಂತ ಇನ್‌ಸ್ಪೆಕ್ಟರ್ ಕೇಳಬಹುದು. ಆಗ ಗಾಡಿ ಬೆಂಗಳೂರಿನಲ್ಲಿ ಇದ್ದರೆ ಮತ್ತೆ ಹೊತ್ತು ತರಬೇಕಾಗುತ್ತದೆ. ದಾಖಲೆ ಅಮ್ಮನ ಹೆಸರಿಗೋ ಮಗನ ಹೆಸರಿಗೋ ಬರುವವರೆಗೆ ಅದು ಅಲ್ಲೇ ಇರಲಿ. ಮುಂಗಡ ಕೊಡುವುದಿದ್ದರೆ ಇಬ್ಬರ ಸಹಿ ಇರುವ ಚೀಟಿ ಮಾಡಿಸಿಕೊಂಡು, ಬ್ಯಾಂಕಿನ ಮೂಲಕವೇ ಕೊಡಿ.