ಕೊಚ್ಚಿಯ ಸಾರ್ವಜನಿಕ ಬೋಟಿನಲ್ಲೇ ಊರು ನೋಡಬಹುದೇ?

ಪ್ರಶ್ನೆ – ಹಾಸನದಿಂದ

ಮುಂದಿನ ತಿಂಗಳು ಅಮ್ಮನೊಂದಿಗೆ ಕೊಚ್ಚಿಗೆ ಹೋಗುತ್ತಿದ್ದೇನೆ, ಎರ್ನಾಕುಲಂನಲ್ಲಿ ತಂಗುತ್ತೇವೆ. ಅಮ್ಮನಿಗೆ ಮಂಡಿನೋವು. ಆದರೂ ಹಿನ್ನೀರಿನ ಮೇಲೆ ಒಮ್ಮೆ ಹೋಗಿಬರಬೇಕೆಂದು ಬಹಳ ಆಸೆ. ಪ್ರವಾಸಿಗರ ಬೋಟನ್ನೇ ಹಿಡಿಯಬೇಕೇ, ಜನ ಕೆಲಸಕ್ಕೆ ಹೋಗುವ ಬೋಟಿನಲ್ಲಿ ಕುಳಿತರೆ ಸಾಲದೇ?

ಉತ್ತರ – ಊರು ಕಾಸರಗೋಡು, ಈಗ ಎರ್ನಾಕುಲಂ

ಧಾರಾಳವಾಗಿ ಸಾಕು. ಹಿನ್ನೀರಿನ ಆಚೆ ದಡದ ಹಳೆಯ ಪೇಟೆ ಫೋರ್ಟ್ ಕೊಚ್ಚಿಗೆ ನೀರಿನ ಮೇಲೆ ಹೋಗಲು ಎರಡು ದಾರಿಗಳಿವೆ. ಸುಭಾಷ್ ಪಾರ್ಕಿನ ಪಕ್ಕದ ಜೆಟ್ಟಿಯಿಂದ ರಾಜ್ಯ ಜಲಸಾರಿಗೆ ಇಲಾಖೆಯ ಬೋಟುಗಳು ಹೊರಡುತ್ತವೆ. ಟಿಕೆಟ್ ಹತ್ತು ರೂಪಾಯಿಯೊಳಗೆ. ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೊ ಎಂಬ ಹೊಸ ಬೋಟು ಇದೆ, ಅದಕ್ಕೆ 40 ರೂಪಾಯಿ. ಎರಡಕ್ಕೂ ಹೆಚ್ಚುಕಡಿಮೆ ಇಪ್ಪತ್ತು ನಿಮಿಷ.

ನನ್ನ ಮನಸ್ಸು ಯಾವಾಗಲೂ ಹಳೆಯ ಬೋಟಿನ ಕಡೆಗೇ. ಕಿಟಕಿಗೆ ಗಾಜಿಲ್ಲ, ಉಪ್ಪುಗಾಳಿ ನೇರ ಮುಖಕ್ಕೆ ಬಡಿಯುತ್ತದೆ, ಪಕ್ಕದಲ್ಲಿ ಮೀನಿನ ಬುಟ್ಟಿಯವರು, ಶಾಲೆಯ ಮಕ್ಕಳು. ಆದರೆ ನಿಮ್ಮ ತಾಯಿಯವರಿಗೆ ನಾನು ಹೇಳುವುದು ವಾಟರ್ ಮೆಟ್ರೊವನ್ನೇ. ಹಳೆಯ ಜೆಟ್ಟಿಯಲ್ಲಿ ಅಲುಗಾಡುವ ಬೋಟಿಗೆ ಕಾಲೆತ್ತಿ ಹತ್ತಬೇಕು. ಮೆಟ್ರೊ ನಿಲ್ದಾಣದ ಕಟ್ಟೆಯೇ ನೀರಿನ ಮೇಲೆ ತೇಲುತ್ತದೆ. ಭರತವಿರಲಿ ಇಳಿತವಿರಲಿ, ಬೋಟಿನ ಮಟ್ಟಕ್ಕೇ ಇರುತ್ತದೆ. ಗಾಲಿಕುರ್ಚಿಯವರೂ ಸಲೀಸಾಗಿ ಒಳಗೆ ಹೋಗುತ್ತಾರೆ. 2023ರಲ್ಲಿ ಶುರುವಾದ ಈ ಬ್ಯಾಟರಿ ಬೋಟುಗಳನ್ನು ಕಟ್ಟಿದ್ದು ಇಲ್ಲಿನ ಹಡಗು ಕಟ್ಟುವ ಕಾರ್ಖಾನೆಯೇ. ಒಳಗೆ ಎಂಜಿನ್ ಸದ್ದಿಲ್ಲ, ಮಾತನಾಡುತ್ತಾ ಹೋಗಬಹುದು.

ಒಂದು ಮಾತನ್ನು ಮಾತ್ರ ದಯವಿಟ್ಟು ನಡೆಸಿಕೊಡಿ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ, ಸಂಜೆ ಐದರ ನಂತರ ಹತ್ತಬೇಡಿ. ದ್ವೀಪದವರಿಗೆ ಇದು ದಿನನಿತ್ಯದ ದಾರಿ. ನಾವು ಫೋಟೊಕ್ಕಾಗಿ ಹಿಡಿದ ಸೀಟಿನಿಂದ ಯಾರೋ ಒಬ್ಬರು ಕೆಲಸಕ್ಕೆ ತಡವಾಗುವುದು ನನಗೆ ಸಹಿಸಲಾಗುವುದಿಲ್ಲ. ಹನ್ನೊಂದರ ಸುಮಾರಿಗೆ ಬಂದರೆ ಸೀಟೂ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಯಾವ ಬದಿಗೆ ಕುಳಿತರೆ ಒಳ್ಳೆಯದು?

ಅದೇ ಕಾಸರಗೋಡಿನವರು

ಹೋಗುವಾಗ ಬಲಕ್ಕೆ. 1744ರಲ್ಲಿ ಡಚ್ಚರು ಕಟ್ಟಿದ ಅರಮನೆಯಿರುವ ಬೋಲ್ಗಾಟ್ಟಿ ದ್ವೀಪ, ಆಮೇಲೆ ವಲ್ಲಾರ್‌ಪಾಡಂನ ಕಂಟೇನರ್ ಕ್ರೇನುಗಳು ಆ ಬದಿಗಿವೆ. ಎಡಕ್ಕೆ ಕಾಣುವ ವಿಲಿಂಗ್ಡನ್ ದ್ವೀಪವೂ ಸಾಮಾನ್ಯವಲ್ಲ. ಬಂದರಿಗಾಗಿ ಹೂಳೆತ್ತಿದ ಮಣ್ಣನ್ನೇ ಸುರಿದು ಮಾಡಿದ ನೆಲ ಅದು. ಅಳಿವೆಯ ಹತ್ತಿರ ನೀರನ್ನು ನೋಡುತ್ತಿರಿ, ಡಾಲ್ಫಿನ್‌ಗಳು ಬೆನ್ನು ತೋರಿಸುವುದುಂಟು.

ಉತ್ತರ – ಮಂಗಳೂರಿನಿಂದ

ಫೋರ್ಟ್ ಕೊಚ್ಚಿಯಲ್ಲಿ ಚೀನೀ ಮೀನುಬಲೆಗಳನ್ನು ನೋಡಿದ ಮೇಲೆ ಎದುರಿನ ವೈಪಿನ್ ದ್ವೀಪಕ್ಕೆ ಹೋಗುವ ರೋ-ರೋ, ಅಂದರೆ ವಾಹನಗಳನ್ನೂ ಸಾಗಿಸುವ ದೋಣಿ, ಹತ್ತಿ. ಲಾರಿ, ಸ್ಕೂಟರುಗಳ ನಡುವೆ ನಿಂತು ಐದೇ ನಿಮಿಷದಲ್ಲಿ ಅಳಿವೆ ದಾಟಬಹುದು. ಮಟ್ಟಾಂಚೇರಿಗೂ ಹೋಗುವುದಾದರೆ ಶುಕ್ರವಾರ, ಶನಿವಾರ ಬೇಡ. ಶುಕ್ರವಾರ ಅಲ್ಲಿನ ಡಚ್ ಅರಮನೆಗೆ ರಜೆ, ಶನಿವಾರ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ.